ಮಣ್ಣಿನ ಗುಂಡು, ನಲವತ್ತೊಂದು ಪತ್ರ

ಟೇಸನ್ ಮಾಸ್ತರರ ಅಂತ್ಯಕ್ರಿಯೆಗೆ ನಾನು ಕಾಲು ಗಂಟೆ ಮೊದಲೇ ಹೋಗಿದ್ದೆ. ಸ್ಮಶಾನದಲ್ಲಿ ಕಟ್ಟಿಗೆ ಇಳಿಸುವವರ ಹೊರತು ಯಾರೂ ಇರಲಿಲ್ಲ. ಎಲ್ಲಿಗಾದರೂ ಕಾಲು ಗಂಟೆ ಮೊದಲು ಮುಟ್ಟುವುದು ನನ್ನ ಚಟ. ಮದುವೆ ಮನೆಗಳಲ್ಲಿ ಜಮಖಾನೆ ಹಾಸುವವರು ನನ್ನನ್ನು ತಮ್ಮವನೇ ಎಂದು ತಿಳಿದು ‘ಆ ತುದಿ ಹಿಡೀರಿ’ ಎಂದದ್ದಿದೆ, ನಾನು ಹಿಡಿದದ್ದೂ ಇದೆ. ಈ ಮನುಷ್ಯ ಎದ್ದು ಕೂತಿದ್ದರೆ ಮೊದಲು ಗಡಿಯಾರ ನೋಡಿ, ‘ಸಾಲಿ ಮಾಸ್ತರ, ಬಿಫೋರ್ ಟೈಮ್ ಬಂದ ಗಾಡಿ ಹೊರಗಿನ ಸಿಗ್ನಲ್ಲಿಗೆ ನಿಂದರಬೇಕ್ರಿ. ಒಳಗ ಬರಾಂಗಿಲ್ಲ’ ಎನ್ನುತ್ತಿದ್ದರು. ಆದ್ದರಿಂದ ನಾನು ಗೇಟಿನ ಹೊರಗೇ ನಿಂತೆ. ನನ್ನ ಕೋಟಿನ ಕಿಸೆಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಸುಟ್ಟ ಮಣ್ಣಿನ ಗುಂಡು ಇತ್ತು. ಅದು ಅವರದು. ಇಪ್ಪತ್ತು ವರ್ಷಗಳ ಹಿಂದೆಯೇ ನಾನು ಅದನ್ನು ಕೊಟ್ಟುಬಿಡಬೇಕಾಗಿತ್ತು.

ಎರಡು ಸಾವಿರದ ಇಸವಿಯ ಸುಮಾರಿಗೆ ಅವರು ಬೆಳಗಾವಿಯ ರವಿವಾರ ಪೇಟೆಯಲ್ಲಿ, ಒಣಮೆಣಸಿನಕಾಯಿಯ ಸಗಟು ಅಂಗಡಿಯೊಂದರ ಅಟ್ಟದ ಮೇಲೆ, ನಾಲ್ಕು ಕಂಪ್ಯೂಟರುಗಳ ಇಂಟರ್ನೆಟ್ ಕೇಂದ್ರ ನಡೆಸುತ್ತಿದ್ದರು. ಅದಕ್ಕೂ ಮೊದಲು ಮೂವತ್ತನಾಲ್ಕು ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದರು. ಕೊನೆಯ ಕೆಲವು ವರ್ಷ ಕಳೆದದ್ದು ಖಾನಾಪುರದಲ್ಲಿ. ನಾನೂ ಖಾನಾಪುರದ ಹೈಸ್ಕೂಲಿನಲ್ಲಿಯೇ ಹೆಡ್‌ಮಾಸ್ತರನಾಗಿದ್ದು ನಿವೃತ್ತನಾದವನು. ಅಲ್ಲಿದ್ದಾಗ ನಮಗೆ ಮುಖಪರಿಚಯ ಇರಲಿಲ್ಲ. ಗಾಡಿಯ ಸೀಟಿಯಿಂದ ನಮ್ಮ ಬೆಳಗಿನ ಪ್ರಾರ್ಥನೆ ಕೆಡುತ್ತದೆ, ಹತ್ತು ನಿಮಿಷ ತಡೆದು ಊದಿಸಬೇಕು ಎಂದು ನಾನು ಸ್ಟೇಷನ್ನಿಗೆ ಎರಡು ಸಲ ಕಾಗದ ಬರೆದಿದ್ದೆ. ಎರಡಕ್ಕೂ ‘ವಿಷಯ ಗಮನಿಸಲಾಗಿದೆ’ ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು. ಆ ಒಂದು ಸಾಲು ಬರೆದವರು ಇವರೇ ಎಂದು ತಿಳಿದದ್ದು ಅಟ್ಟದ ಮೇಲೆ, ಮೊದಲ ದಿನ.

‘ಪ್ರಾರ್ಥನಾ ಮುಂದ ಹಾಕಿದ್ರೇನು ಆಮ್ಯಾಲ?’ ಎಂದು ಅವರೇ ಕೇಳಿದರು.

‘ಇಲ್ಲ.’

‘ನಾನೂ ಸೀಟಿ ಮುಂದ ಹಾಕಲಿಲ್ಲ. ಕುಂದರ್ರಿ.’

ಪೇಟೆಯವರು ಅವರನ್ನು ಟೇಸನ್ ಮಾಸ್ತರ ಎಂದೂ ನನ್ನನ್ನು ಸಾಲಿ ಮಾಸ್ತರ ಎಂದೂ ಕರೆದರು. ನಿವೃತ್ತಿಯ ನಂತರವೂ ಅವರು ಬಿಳಿ ಪ್ಯಾಂಟು, ಕರಿ ಬೂಟು ಬಿಟ್ಟಿರಲಿಲ್ಲ. ಗಿರಾಕಿ ಮೆಟ್ಟಿಲಿಳಿಯುವಾಗ ಬಾಗಿಲಲ್ಲಿ ನಿಂತು ಬಲಗೈಯನ್ನು ಅಡ್ಡ ಚಾಚಿ, ಆತ ರಸ್ತೆ ಸೇರುವ ತನಕ ಇಳಿಸುತ್ತಿರಲಿಲ್ಲ. ಕೈಯಲ್ಲಿ ಹಸಿರು ನಿಶಾನೆ ಮಾತ್ರ ಇಲ್ಲ. ಕೆಳಗಿನ ಅಂಗಡಿಯಲ್ಲಿ ಚೀಲ ಸುರುವಿದಾಗ ಘಾಟು ಮೇಲೇರಿ ನಾಲ್ಕೂ ಕಂಪ್ಯೂಟರಿನವರು ಸಾಲಾಗಿ ಸೀನುತ್ತಿದ್ದರು. ಅವರು ಮಾತ್ರ ಸೀನುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದಾಗ ಸೀನು ಬರುವುದಿಲ್ಲ ಎಂದು ಒಮ್ಮೆ ಹೇಳಿದರು, ನಾನು ನಂಬಿದೆ.

ಇನ್ನು ಗುಂಡಿನ ವಿಷಯ. ಒಂದೇ ಹಳಿ ಇರುವ ದಾರಿಯಲ್ಲಿ ಎದುರುಬದುರು ಗಾಡಿ ಬರಬಾರದೆಂದು ರೈಲ್ವೆಯಲ್ಲಿ ಒಂದು ಪದ್ಧತಿ ಇತ್ತಂತೆ. ಮುಂದೆ ದಾರಿ ಖಾಲಿ ಇದೆ, ಅಂದರೆ ‘ಲೈನ್ ಕ್ಲಿಯರ್’, ಎಂಬುದಕ್ಕೆ ಗುರುತಾಗಿ ಸ್ಟೇಷನ್ನಿನ ಯಂತ್ರದಿಂದ ಒಂದು ಉಕ್ಕಿನ ಗುಂಡು ತೆಗೆದು ಡ್ರೈವರನ ಕೈಗೆ ಕೊಡುವುದು. ಗುಂಡು ಕೈಯಲ್ಲಿಲ್ಲದೆ ಅವನು ಗಾಡಿ ಬಿಡುವಂತಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಅದನ್ನು ಒಪ್ಪಿಸಬೇಕು. ಒಪ್ಪಿಸುವ ತನಕ ಇನ್ನೊಂದು ಗುಂಡು ಹೊರಬೀಳುವುದಿಲ್ಲ, ಇನ್ನೊಂದು ಗಾಡಿ ಆ ಹಳಿಗೆ ಇಳಿಯುವುದಿಲ್ಲ.

ಕೇಂದ್ರ ಶುರುವಾದ ಮೊದಲ ವರ್ಷ ಕಾಕತಿಯಿಂದ ಬರುತ್ತಿದ್ದ ಒಬ್ಬ ಹೆಣ್ಣುಮಗಳು ಜಾಹೀರಾತಿನ ಪತ್ರಗಳನ್ನು ತೆಗೆಯಲು ಹೋಗಿ, ನೌಕರಿಯ ಸಂದರ್ಶನಕ್ಕೆ ಕರೆದ ಪತ್ರವನ್ನೂ ಅಳಿಸಿಕೊಂಡಳು. ಆಗಿನ ಮೇಲ್ ಪುಟದಲ್ಲಿ ಪ್ರತಿ ಪತ್ರದ ಪಕ್ಕದಲ್ಲಿ ಒಂದು ಸಣ್ಣ ಚೌಕ, ಎಲ್ಲದರ ತಲೆಯ ಮೇಲೆ ಇನ್ನೊಂದು ಚೌಕ. ಮೇಲಿನದನ್ನು ಒತ್ತಿದರೆ ಕೆಳಗಿನವೆಲ್ಲ ಒಟ್ಟಿಗೆ ಗುರುತಾಗುತ್ತವೆ. ಆಮೇಲೆ ‘ಅಳಿಸು’ ಒತ್ತಿದರೆ ಎಲ್ಲ ಒಟ್ಟಿಗೆ ಹೋಗುತ್ತವೆ. ಆಕೆ ಅಲ್ಲಿಯೇ ಕೂತು ಅತ್ತಳು. ಟೇಸನ್ ಮಾಸ್ತರರು ಆ ದಿನ ಊಟಕ್ಕೆ ಹೋಗಲಿಲ್ಲ. ಮುಂದಿನ ವಾರ ಖಾನಾಪುರದ ಕುಂಬಾರರ ಕಡೆಯಿಂದ ಒಂದು ಕೆಂಪು ಗುಂಡು ಮಾಡಿಸಿ ತಂದು ತಮ್ಮ ಮೇಜಿನ ಮೇಲಿಟ್ಟರು.

ನಿಯಮ ಸರಳವಾಗಿತ್ತು. ಏನನ್ನಾದರೂ ಅಳಿಸಬೇಕೆಂದವನು ಎದ್ದು ಅವರ ಮೇಜಿಗೆ ಬಂದು, ಎಲ್ಲಿಂದ ಎಷ್ಟು ಪತ್ರ ಅಳಿಸುತ್ತೇನೆಂದು ಬಾಯಿಬಿಟ್ಟು ಹೇಳಿ, ಗುಂಡು ಒಯ್ದು, ಅಳಿಸಿ, ತಿರುಗಿ ತಂದಿಡಬೇಕು. ಇದ್ದದ್ದು ಒಂದೇ ಗುಂಡು.

‘ಕಬ್ಬಿಣದ್ದು ಮಾಡಿಸಬಾರದಿತ್ತೇನ್ರಿ?’ ಎಂದು ಕೇಳಿದೆ.

‘ಕಬ್ಬಿಣದ್ದು ಒಗದ್ರೂ ಏನೂ ಆಗೂದಿಲ್ಲ. ಇದು ಬಿದ್ರ ಒಡೀತದ. ಅದಕ್ಕ ಮಂದಿ ಜ್ವಾಕಿಲೆ ಹಿಡೀತಾರ.’

‘ಇಷ್ಟಕ್ಕ ಎದ್ದು ಬರಬೇಕ?’

‘ನಿಮ್ಮ ಕುರ್ಚಿಯಿಂದ ನನ್ನ ಟೇಬಲ್ಲಿಗೆ ಎಂಟು ಹೆಜ್ಜಿ. ಎಂಟು ಹೆಜ್ಜಿ ನಡಿಯೂದ್ರಾಗ ಅರ್ಧಾ ಮಂದಿ ಮನಸ್ಸು ಬದಲ ಮಾಡಿ ಹೊಳ್ಳಿ ಹೋಗ್ಯಾರ. ಗುಂಡಿನ ಕೆಲಸ ಅಲ್ರಿ ಅದು, ಎಂಟು ಹೆಜ್ಜಿದು.’

ನನಗೆ ಇದು ನಗೆಪಾಟಲಾಗಿ ಕಂಡಿತು. ಶಿಸ್ತು ಇಲ್ಲದವರಿಗೆ ಗುಂಡು ಬೇಕು, ನನಗೇಕೆ? ನಾನು ಮೂವತ್ತೈದು ವರ್ಷ ಒಂದು ದಿನವೂ ಬೋರ್ಡು ಒರೆಸದೆ ತರಗತಿ ಬಿಟ್ಟವನಲ್ಲ. ಮುಂದಿನ ಮಾಸ್ತರನಿಗೆ ಚೊಕ್ಕ ಬೋರ್ಡು ಸಿಗಬೇಕು, ಇದು ನನ್ನ ಸಿದ್ಧಾಂತ. ಅಟ್ಟದ ಮೇಲೂ ನನ್ನದು ಹತ್ತರಿಂದ ಹನ್ನೊಂದು, ಎರಡನೆಯ ಕಂಪ್ಯೂಟರು. ಬಂದ ಪತ್ರ ಓದುವುದು. ಬೇಕಾದದ್ದನ್ನು ಬೇರೆ ಖಾನೆಗೆ ಸೇರಿಸುವುದು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಉಳಿದದ್ದಕ್ಕೆಲ್ಲ ತಲೆಯ ಮೇಲಿನ ಚೌಕ ಒತ್ತಿ ಅಳಿಸುವುದು. ಅಳಿಸಿದ್ದು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಖಾಲಿ ಮಾಡುವುದು. ಕಸದ ಬುಟ್ಟಿ ತುಂಬಿಟ್ಟು ಏಳುವುದು ನನ್ನ ಸಂಸ್ಕಾರದಲ್ಲಿಲ್ಲ. ಪ್ರತಿ ಸಲ ಎಂಟು ಹೆಜ್ಜೆ ನಡೆಯುವುದು ಸಮಯದ ಅಪವ್ಯಯವೆಂದು ಲೆಕ್ಕ ಹಾಕಿ, ನಾನು ಬಂದ ಕೂಡಲೇ ಗುಂಡನ್ನು ಎತ್ತಿ ಕಿಸೆಗೆ ಹಾಕಿಕೊಂಡು ಹೋಗಿ ಕೂಡತೊಡಗಿದೆ. ಹೋಗುವಾಗ ಇಟ್ಟು ಹೋಗುತ್ತಿದ್ದೆ. ನಿಯಮ ಮುರಿದಂತಲ್ಲ, ಸುಧಾರಿಸಿದಂತೆ ಎಂದು ನನ್ನ ಭಾವನೆ.

ಅವರು ಒಂದು ವಾರ ನೋಡಿದರು. ಆಮೇಲೆ, ‘ಸಾಲಿ ಮಾಸ್ತರ, ಗಾಡಿ ಬರೂಕಿಂತ ಮೊದಲ ಗುಂಡು ಕಿಸೇದಾಗ ಇಟ್ಕೊಂಡ ಡ್ರೈವರಗ ನಮ್ಮಲ್ಲೆ ಏನಂತಿದ್ವಿ ಗೊತ್ತದ?’ ಎಂದರು.

‘ಏನು?’

‘ಅಂತಾವ ಒಬ್ಬನೂ ಇರಲಿಲ್ಲ. ಹೆಸರ ಇಟ್ಟಿಲ್ಲ.’

ಇಂಥ ಮನುಷ್ಯನ ಹಿಂದೆ ಒಂದು ಅಪಘಾತ ಇದ್ದೇ ಇರಬೇಕೆಂದು ನಾನು ಊಹಿಸಿದ್ದೆ. ಎಂದೋ ಒಂದು ದಿನ ಗುಂಡು ತಪ್ಪಿಸಿ ಗಾಡಿ ಬಿಟ್ಟಿರಬೇಕು, ಅದಕ್ಕೇ ಈ ಪರಿ. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರಿಗೆ ಬೇಸರವಾಯಿತು.

‘ಮೂವತ್ನಾಕ ವರ್ಷ. ಏನೂ ಆಗಿಲ್ರಿ. ಒಂದ ಡಬ್ಬಿ ಹಳಿ ಬಿಟ್ಟಿಲ್ಲ. ಆಗಿದ್ರ ಪೇಪರಿನ್ಯಾಗ ಹೆಸರ ಬರತಿತ್ತು. ಏನೂ ಆಗಲಾರದ್ದನ್ನ ಯಾರ ಹಾಕ್ತಾರ?’

ಆ ವರ್ಷ ನಮ್ಮ ಶಾಲೆಗೆ ಎಪ್ಪತ್ತೈದು ತುಂಬುವುದಿತ್ತು. ಸ್ಮರಣ ಸಂಚಿಕೆಗೆ ನಾನೇ ಸಂಪಾದಕ. ದೂರದೂರದ ಹಳೆಯ ವಿದ್ಯಾರ್ಥಿಗಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು, ಕೆಲವರು ಮರಾಠಿ ಬರೆದು, ಮೇಲ್‌ನಲ್ಲಿ ನೆನಪುಗಳನ್ನು ಕಳಿಸಿದರು. ಬಂದದ್ದನ್ನು ‘ಸಂಚಿಕೆ’ ಎಂಬ ಖಾನೆಗೆ ಹಾಕಿ, ಮನೆಯಲ್ಲಿದ್ದ ಒಂದು ಹಳೆಯ ಹಾಜರಿ ಪುಸ್ತಕದಲ್ಲಿ ಹೆಸರು, ವಿಳಾಸದ ಮುಂದೆ ‘ಬಂದಿದೆ’ ಎಂದು ಬರೆದಿಡುತ್ತಿದ್ದೆ. ನಾಲ್ಕು ತಿಂಗಳಲ್ಲಿ ನಲವತ್ತು ಬಂದವು. ನಲವತ್ತೊಂದನೆಯದು ನನ್ನದೇ ಪ್ರಬಂಧ, ‘ಶಿಸ್ತೇ ಶಿಕ್ಷಣ’. ನಾಲ್ಕು ಪುಟ. ಅದನ್ನು ಅಲ್ಲಿಯೇ ಕೂತು ಬರೆದು ನನಗೆ ನಾನೇ ಕಳಿಸಿಕೊಂಡಿದ್ದೆ. ಟೇಸನ್ ಮಾಸ್ತರರು ಆಗಾಗ ‘ಬಂದಷ್ಟು ಕಾಗದದ ಮ್ಯಾಲ ತಗದಿಡೂಣ್ರಿ’ ಎಂದರು. ಎಲ್ಲವೂ ಬಂದ ಮೇಲೆ ಒಂದೇ ದಿನ, ಹಾಜರಿ ಸಂಖ್ಯೆಯ ಕ್ರಮದಲ್ಲಿ ಮುದ್ರಿಸುವುದು ಎಂದು ನಾನು ನಿಗದಿ ಮಾಡಿದ್ದೆ. ಅದಕ್ಕೆ ಶನಿವಾರ ಗೊತ್ತಾಗಿತ್ತು. ಮುದ್ರಣಾಲಯದವರಿಗೆ ಸೋಮವಾರ ಕೊಡುವುದು.

ಶುಕ್ರವಾರ ನಾನು ಸಂಚಿಕೆಯ ಖಾನೆ ತೆರೆದು ಒಂದೊಂದಾಗಿ ಎಣಿಸಿದೆ. ನಲವತ್ತೊಂದು. ಸರಿಯಿತ್ತು. ತೃಪ್ತಿಯಿಂದ ಗಡಿಯಾರ ನೋಡಿದೆ: ಹನ್ನೊಂದಕ್ಕೆ ಐದು ನಿಮಿಷ. ಗಡಿಯಾರ ನೋಡಿದ್ದು ಕಣ್ಣು, ಮುಂದಿನ ಕೆಲಸ ಮಾಡಿದ್ದು ಕೈ. ತಲೆಯ ಮೇಲಿನ ಚೌಕ. ಅಳಿಸು. ಕಸದ ಬುಟ್ಟಿ. ಖಾಲಿ. ಅದು ದಿನನಿತ್ಯದ ಪುಟವಲ್ಲ, ಸಂಚಿಕೆಯ ಖಾನೆ ಎಂದು ಹೇಳುವ ವ್ಯತ್ಯಾಸ ಆ ಪುಟದ ಮೂಲೆಯಲ್ಲಿ ಒಂದೇ ಒಂದು ಶಬ್ದದಷ್ಟಿತ್ತು. ಬೋರ್ಡು ಚೊಕ್ಕವಾಯಿತು. ಎದ್ದು ಕನ್ನಡಕ ಪೆಟ್ಟಿಗೆಗೆ ಹಾಕಿದವನು ಮತ್ತೆ ತೆಗೆದು ಹಾಕಿಕೊಂಡು, ಮೂಲೆಯ ಆ ಶಬ್ದ ಓದಿದೆ.

‘ಟೇಸನ್ ಮಾಸ್ತರ,’ ಎಂದೆ. ಅವರು ಬಂದು ನೋಡಿದರು.

‘ಎಷ್ಟು?’

‘ನಲವತ್ತೊಂದೂ.’

‘ಬುಟ್ಟ್ಯಾಗ ನೋಡ್ರಿ.’

‘ಅದನ್ನೂ ಖಾಲಿ ಮಾಡೀನಿ.’

‘ಅದನ್ಯಾಕ ಮಾಡಿದ್ರಿ?’

‘ದಿನಾ ಮಾಡ್ತೀನಲ್ರಿ.’

‘ಗುಂಡು?’

ನಾನು ಕಿಸೆಯಿಂದ ತೆಗೆದು ತೋರಿಸಿದೆ. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಮೇಲ್ ಕಂಪನಿಗೆ ಬರೆದೆವು. ಬುಟ್ಟಿಯಿಂದ ಹೋದದ್ದು ಹೋದದ್ದೇ ಎಂದು ಉತ್ತರ ಬಂತು. ಮುದ್ರಣಾಲಯದವರು ದೊಡ್ಡ ಮನಸ್ಸು ಮಾಡಿ ಮೂರು ವಾರ ಕೊಟ್ಟರು. ಹೆಸರು, ವಿಳಾಸ ಹಾಜರಿ ಪುಸ್ತಕದಲ್ಲಿದ್ದವು. ಉಳಿದದ್ದು ಒಂದೇ: ನಲವತ್ತು ಜನರಿಗೆ ‘ಇನ್ನೊಮ್ಮೆ ಬರೆಯಿರಿ’ ಎಂದು ಕೇಳುವುದು. ಇದು ಬೇರೆಯವರಿಗೆ ಸಣ್ಣ ಮಾತು. ಆದರೆ ಪಟ್ಟಿ, ಅಂದರೆ ನೋಟುಬುಕ್ಕು, ಕಳೆಯಿತು ಎಂದ ಒಬ್ಬ ವಿದ್ಯಾರ್ಥಿಯನ್ನೂ ನಾನು ಮೂವತ್ತೈದು ವರ್ಷಗಳಲ್ಲಿ ನಂಬಿರಲಿಲ್ಲ. ಕಳೆದವರೆಲ್ಲ ಬೆಂಚಿನ ಮೇಲೆ. ಈಗ ಅದೇ ಹುಡುಗರಿಗೆ, ನಿಮ್ಮ ಬರಹ ನನ್ನ ಕೈಯಲ್ಲಿ ಕಳೆಯಿತು ಎಂದು ನಾನೇ ಬರೆಯಬೇಕು.

ಮರುದಿನ ಒಂದು ಕರಡು ತಂದು ತೋರಿಸಿದೆ: ‘ತಾಂತ್ರಿಕ ದೋಷದಿಂದಾಗಿ ತಮ್ಮ ಪತ್ರಗಳು ಲಭ್ಯವಿಲ್ಲ.’

‘ಯಾರ ದೋಷ?’ ಎಂದರು.

‘ತಾಂತ್ರಿಕ.’

‘ಅಂವ ಯಾರು?’

ನಾನು ಕರಡನ್ನು ಮಡಚಿದೆ.

‘ನಮ್ಮಲ್ಲೆ ಏನರ ಆದ್ರ ರಿಪೋರ್ಟಿನ ಮೊದಲನೇ ಸಾಲು ಒಂದ ಇರತದ. ಸಿಗ್ನಲ್ಲಿನ ಲಿವರಿನ ಮ್ಯಾಲ ಯಾರ ಕೈ ಇತ್ತು.’

‘ಕೆಳಗ ಮೆಣಸಿನಕಾಯಿ ಸುರುವಾಕತ್ತಿದ್ರು. ಸೀನು ಬಂತು, ಕೈ ಜಾರಿತು ಅಂತ ಬರೀಲೇನು?’

ಅವರು ನಿಜವಾಗಿಯೂ ಯೋಚಿಸಿದರು. ‘ಒಂದ ಸೀನಿಗೆ ಪತ್ರ ಹೋಗಬಹುದು, ಒಪ್ಪೀನಿ. ಬುಟ್ಟಿ ಖಾಲಿ ಆಗಾಕ ಎರಡನೇ ಸೀನು ಬೇಕು. ಅದೂ ಬರೋಬ್ಬರಿ ಅದ ಜಾಗಾಕ್ಕ. ಓದಾವ್ರು ನಿಮ್ಮ ಸಾಲಿ ಹುಡುಗೋರು, ಮಾಸ್ತರ. ಸುಳ್ಳು ಹೆಂಗ ಹಿಡೀಬೇಕು ಅಂತ ನೀವ ಕಲಿಸೀರಿ.’

ಗುಂಡನ್ನು ಅವರ ಮೇಜಿನ ಮೇಲಿಟ್ಟೆ. ಅವರು ಅದನ್ನು ನನ್ನ ಕಡೆಗೇ ಸರಿಸಿದರು.

‘ನಿಮ್ಮ ಗಾಡಿ ಇನ್ನೂ ಮುಂದಿನ ಸ್ಟೇಷನ್ ಮುಟ್ಟಿಲ್ಲ. ನಲವತ್ತೊಂದೂ ಬಂದ ಮ್ಯಾಲ ಕೊಡ್ರಿ.’

ತಮಾಷೆ ಎಂದುಕೊಂಡೆ. ಅಲ್ಲ. ಗುಂಡು ನನ್ನ ಹತ್ತಿರ ಇರುವ ತನಕ ಆ ಅಟ್ಟದ ಮೇಲೆ ಇನ್ನು ಯಾರೂ ಏನನ್ನೂ ಅಳಿಸುವಂತಿರಲಿಲ್ಲ. ಹತ್ತು ದಿನಗಳಲ್ಲಿ ಪೇಟೆ ನನ್ನ ಮೇಲೆ ತಿರುಗಿಬಿತ್ತು. ಮೂರನೆಯ ಕಂಪ್ಯೂಟರಿನಲ್ಲಿ ಕೂಡುತ್ತಿದ್ದ ಬೆಲ್ಲದ ವ್ಯಾಪಾರಿಯೊಬ್ಬರು ಮೆಟ್ಟಿಲಲ್ಲಿಯೇ ನನ್ನನ್ನು ಅಡ್ಡಗಟ್ಟಿದರು.

‘ಏನ್ ಸಾಲಿ ಮಾಸ್ತರ, ನಿಮ್ಮ ಹುಡುಗೋರು ಯಾವಾಗ ಬರೀತಾರ್ರಿ? ನನ್ನ ಪೆಟಿಗಿ ತುಂಬಿ ಕುಂತೈತಿ. ಹೊಸಾ ಪತ್ರ ಒಳಗ ಬರವಲ್ವು.’

‘ಬರದೀನ್ರಿ ಅವರಿಗೆ.’

‘ಬರದ್ರ ಆತೇನು? ಹೋಗಿ ಕೈ ಹಿಡಿದು ಬರಸ್ರಿ! ನನಗ ಹಂಗ ಬರಸಿಲ್ಲೇನು ನಿಮ್ಮಂಥಾ ಮಾಸ್ತರು?’

ನಾನು ಬರೆದದ್ದು ಹೀಗಿತ್ತು: ‘ನಿಮ್ಮ ಪತ್ರಗಳನ್ನು ನಾನೇ, ನನ್ನ ಕೈಯಿಂದಲೇ, ಅಜಾಗರೂಕತೆಯಿಂದ ಅಳಿಸಿದ್ದೇನೆ. ದಯವಿಟ್ಟು ಇನ್ನೊಮ್ಮೆ ಬರೆದು ಕಳಿಸಿರಿ.’ ‘ಅಜಾಗರೂಕತೆ’ ಎಂಬ ಶಬ್ದವನ್ನು ಅಷ್ಟು ವರ್ಷ ಕೆಂಪು ಶಾಯಿಯಲ್ಲಿ ಬರೆದೇ ರೂಢಿ. ಪರದೆಯ ಮೇಲೆ ಅದು ಕರಿ ಅಕ್ಷರದಲ್ಲಿ, ನನ್ನ ಹೆಸರಿನ ಮೇಲೆ ಕೂತಿತ್ತು.

ಉತ್ತರಗಳು ಬಂದವು. ‘ಸರ, ಬೆಂಚಿನ ಮ್ಯಾಲ ನಿಂತೀರೋ ಇಲ್ಲೋ? ಮೊದಲ ನಿಂದರ್ರಿ, ಆಮ್ಯಾಲ ಬರೀತೇವಿ’ ಎಂದ ಒಬ್ಬ. ಧಾರವಾಡದಲ್ಲಿ ಡಾಕ್ಟರಾಗಿದ್ದ ಒಬ್ಬಾಕೆ, ‘ಪಾಲಕರ ಸಹಿ ತಗೊಂಡು ಬರ್ರಿ’ ಎಂದು ಬರೆದಳು. ನನ್ನ ಹೆಂಡತಿ ಅದನ್ನು ಕೇಳಿ, ‘ನಾ ಮಾಡ್ತೀನಿ ಸಹಿ’ ಎಂದು ಪೆನ್ನು ಹುಡುಕಿದಳು. ನಗುನಗುತ್ತಲೇ ಎಲ್ಲರೂ ಮತ್ತೆ ಬರೆದರು. ಆದರೆ ಮೊದಲು ಬರೆದದ್ದನ್ನೇ ಯಾರೂ ಬರೆಯಲಿಲ್ಲ. ಮೊದಲ ಸಲ ‘ಪೂಜ್ಯ ಗುರುಗಳು’, ‘ಜ್ಞಾನದ ದೀಪ’ ಎಂದೆಲ್ಲ ಇತ್ತು. ಹೆಡ್‌ಮಾಸ್ತರನೇ ತಪ್ಪು ಒಪ್ಪಿಕೊಂಡದ್ದನ್ನು ಕಂಡ ಮೇಲೆ ಎರಡನೆಯ ಸಲ ಅವರಿಗೆ ಬಾಯಿ ಬಂದಿತ್ತು. ಗೋಡೆ ಹಾರಿದ್ದು, ಹಸಿದು ಕೂತದ್ದು, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡಿ ಎರಡೂ ಕಡೆ ನಗಿಸಿಕೊಂಡದ್ದು, ಎಲ್ಲ ಬಂತು. ಟೇಸನ್ ಮಾಸ್ತರರು ಒಂದೊಂದು ಬಂದ ಕೂಡಲೇ, ನನ್ನ ಅಪ್ಪಣೆಗೆ ಕಾಯದೆ, ಕಾಗದದ ಮೇಲೆ ತೆಗೆದಿಟ್ಟರು. ಈ ಸಲ ನಾನು ಸುಧಾರಣೆ ಸೂಚಿಸಲಿಲ್ಲ.

ನಲವತ್ತನೆಯದು ಕೊನೆಯ ವಾರದಲ್ಲಿ ಬಂತು. ಬರೆದವನು ಪಾರಿಶ್ವಾಡದ ಕಡೆಯವನು, ಕುರಿ ಸಾಕುವ ಮನೆತನ, ಆಗ ವಿಜಯಪುರದಲ್ಲಿ ಸರಕಾರಿ ನೌಕರಿಯಲ್ಲಿದ್ದ. ಮೊದಲ ಸಲ ‘ಗುರುಗಳಿಂದ ಶಿಸ್ತು ಕಲಿತೆ’ ಎಂದು ಮೂರು ಸಾಲು ಕಳಿಸಿದ್ದ. ಈಗಿನದು ಹೀಗಿತ್ತು:

‘ಸರ, ಎಂಟನೇ ಕ್ಲಾಸಿನ್ಯಾಗ ಇದ್ದಾಗ ನನ್ನ ಗಣಿತದ ಪಟ್ಟಿ ಹಳ್ಳದಾಗ ಹೋಗಿತ್ತು. ಮಳಿ ಬಂದು ಹಳ್ಳ ತುಂಬಿತ್ತು, ದಾಟಾಕ ಹೋಗಿ ಚೀಲ ಜಾರಿತು. ನಿಮಗ ಹೇಳಿದೆ. ನೀವು, ಹಳ್ಳಕ್ಕ ಗಣಿತ ಬರ್ತದೇನಲೇ, ನಿನ್ನ ಪಟ್ಟಿ ಒಯ್ದು ಏನ ಮಾಡ್ತದ ಅಂದ್ರಿ. ಎಲ್ಲಾರೂ ನಕ್ಕರು. ಮೂರು ದಿನ ಬೆಂಚಿನ ಮ್ಯಾಲ ನಿಂತೆ. ಸರ, ಅದು ಖರೇನ ಹಳ್ಳದಾಗ ಹೋಗಿತ್ತು. ಈಗ ನಿಮ್ಮ ಪತ್ರ ಓದಿದೆ. ನಿಮ್ಮ ಕೈಯಾಗಿಂದ ಎಲ್ಲಾ ಹೋತು ಅಂದ್ರ ನಾ ನಂಬತೀನಿ. ಒಮ್ಮೊಮ್ಮಿ ಖರೇನ ಹೋಗತಾವು.’

ನಾನು ಆ ಮಾತು ಆಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ನೆನಪಿರಲು ಕಾರಣವೂ ಇತ್ತು: ಅದು ನನ್ನ ಒಳ್ಳೆಯ ವಿನೋದಗಳಲ್ಲಿ ಒಂದೆಂದು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೆ.

ಟೇಸನ್ ಮಾಸ್ತರರು ಕಾಗದವನ್ನು ಎರಡು ಸಲ ಓದಿದರು.

‘ಹುಡುಗ ಖರೇ ಹೇಳಿದ್ದ,’ ಎಂದರು.

‘ಹೌದು.’

‘ನೀವು ಲೈನ್ ಕ್ಲಿಯರ್ ಕೊಡಲಿಲ್ಲ.’

‘ಇಲ್ಲ.’

ಅವರು ಕಾಗದಗಳನ್ನು ಎಣಿಸಿ ಜೋಡಿಸಿದರು. ‘ನಲವತ್ತು ಬಂದಾವು. ಇನ್ನೊಂದು ಯಾರದು?’

‘ನಂದು.’

‘ಬರೀರಿ ಹಂಗಾರ. ಬಾಯಿಪಾಠನ ಇರಬೇಕು ನಿಮಗ.’

ಬಾಯಿಪಾಠವೇ ಇತ್ತು. ಎರಡನೆಯ ಕಂಪ್ಯೂಟರಿಗೆ ಹೋಗಿ ಕೂತು ‘ಶಿಸ್ತೇ ಶಿಕ್ಷಣ’ ಎಂದು ಹೊಡೆದೆ. ಹನ್ನೊಂದರ ತನಕ ಆ ಎರಡು ಶಬ್ದಗಳ ಎದುರಿಗೇ ಕೂತಿದ್ದೆ. ಆಮೇಲೆ ಎಂಟು ಹೆಜ್ಜೆ ನಡೆದು ಅವರ ಮೇಜಿಗೆ ಹೋಗಿ, ‘ಒಂದು ಶೀರ್ಷಿಕೆ ಅಳಿಸತೀನಿ’ ಎಂದು ಬಾಯಿಬಿಟ್ಟು ಹೇಳಿ ಬಂದೆ. ಆ ನಿಯಮವನ್ನು ನಾನು ಸರಿಯಾಗಿ ಪಾಲಿಸಿದ್ದು ಅದೊಂದೇ ಸಲ.

ಸಂಚಿಕೆ ನಲವತ್ತು ಪತ್ರಗಳೊಂದಿಗೆ ಹೊರಬಂತು. ಸಂಪಾದಕರ ಪ್ರಬಂಧಕ್ಕೆ ಬಿಟ್ಟ ನಾಲ್ಕು ಪುಟಗಳಲ್ಲಿ ಶಾಲೆಯ ಕಟ್ಟಡದ ಫೋಟೋ ನಾಲ್ಕು ದಿಕ್ಕಿನಿಂದ ಹಾಕಿದೆವು. ‘ಸಂಪಾದಕರು ಬಾಳ ಛಲೋ ಕೆಲಸ ಮಾಡ್ಯಾರ, ಬಿಲ್ಡಿಂಗ್ ಏನ ಬಂದೈತ್ರಿ!’ ಎಂದು ಎಲ್ಲರೂ ಹೊಗಳಿದರು. ಟೇಸನ್ ಮಾಸ್ತರರು ಬೆಲ್ಲದ ವ್ಯಾಪಾರಿಯ ಕಷ್ಟ ನೋಡಲಾರದೆ ಖಾನಾಪುರದಿಂದ ಇನ್ನೊಂದು ಗುಂಡು ತರಿಸಿದರು. ಹಳೆಯದನ್ನು ಮಾತ್ರ ತಿರುಗಿ ತೆಗೆದುಕೊಳ್ಳಲಿಲ್ಲ. ‘ಇದು ನಿಮ್ಮ ಲೈನಿಂದು’ ಎಂದರು.

ಕೆಲವು ವರ್ಷಗಳಲ್ಲಿ ಮನೆಮನೆಗೆ ಇಂಟರ್ನೆಟ್ ಬಂದು ಅಟ್ಟ ಮುಚ್ಚಿತು. ಆಮೇಲೆ ರಸ್ತೆಯಲ್ಲಿ ಎಲ್ಲಿ ಸಿಕ್ಕರೂ ಅವರು ನನ್ನತ್ತ ನೋಡಿ ಒಂದು ಬೆರಳು ಎತ್ತುತ್ತಿದ್ದರು. ಇನ್ನೂ ಒಂದು ಬರಬೇಕು ಎಂದು. ಶಾಲೆಯಲ್ಲಿ ಒಂದು ಬೆರಳು ಎತ್ತಿದರೆ ಹೊರಗೆ ಹೋಗಿ ಬರಲು ಪರವಾನಗಿ ಕೇಳಿದಂತೆ. ಹಿರಿಯರಿಬ್ಬರು ಬಜಾರಿನ ನಡುವೆ ಹೀಗೆ ಬೆರಳೆತ್ತಿ ತಲೆಯಾಡಿಸುವುದನ್ನು ಕಂಡ ಜನ ಏನು ತಿಳಿದರೋ ಕಾಣೆ. ‘ಬರೀತೀನಿ, ಬರೀತೀನಿ’ ಎಂದು ನಾನು ಇಪ್ಪತ್ತು ವರ್ಷ ಹೇಳಿದೆ. ಮನೆಗೆಲಸ ಮಾಡಿ ತರದ ಹುಡುಗರೂ ನನ್ನನ್ನು ಇಷ್ಟು ದಿನ ಸತಾಯಿಸಿರಲಿಲ್ಲ.

ಸ್ಮಶಾನದಲ್ಲಿ ಗುಂಡನ್ನು ಅವರ ಪಕ್ಕದಲ್ಲಿಟ್ಟುಬಿಡಬೇಕೆಂದು ಕಿಸೆಗೆ ಕೈ ಹಾಕಿದೆ. ಆಗ ಅವರ ನಿಯಮವೇ ಅಡ್ಡ ಬಂತು. ಗುಂಡನ್ನು ಹೊರಟ ಸ್ಟೇಷನ್ನಿಗೆ ಒಪ್ಪಿಸುವುದಲ್ಲ, ಮುಂದಿನ ಸ್ಟೇಷನ್ನಿಗೆ ಒಪ್ಪಿಸುವುದು. ಕೈ ಖಾಲಿಯಾಗಿಯೇ ಹೊರಗೆ ಬಂತು. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಇದು ನಲವತ್ತೊಂದನೆಯದು.

ಪಾರಿಶ್ವಾಡದವನು ನಿವೃತ್ತನಾಗಿ ಈಗ ಊರಲ್ಲಿಯೇ ಇದ್ದಾನೆ. ನಿನ್ನೆ ಫೋನ್ ಮಾಡಿ, ‘ನಿನಗೊಂದು ಸಾಮಾನು ಕೊಡೂದದ, ಒಂದು ಕಾಗದ ಓದಿ ತೋರಸೂದದ’ ಎಂದೆ. ‘ನೀವ್ಯಾಕ ತ್ರಾಸ ತಗೋತೀರಿ ಸರ, ನಾನ ಬರತೀನಿ’ ಎಂದ. ಬೇಡ ಎಂದೆ. ‘ಹಂಗಾರ ಹನ್ನೊಂದಕ್ಕ ಬರ್ರಿ’ ಎಂದ. ನಾಳೆ ಹೊರಡುತ್ತೇನೆ. ಕಾಲು ಗಂಟೆ ಮೊದಲೇ ಮುಟ್ಟುತ್ತೇನೆ ಎಂಬುದು ನನಗೆ ಗೊತ್ತು. ಊರ ಹೊರಗೆ, ಆ ಹಳ್ಳದ ಹತ್ತಿರ, ನಿಂತಿರುತ್ತೇನೆ.